ಕಡಲಿಗೆ ಬಿಟ್ಟುಕೊಡುವ ಜಾಗ

2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಹತ್ತಿರ ದಡ ಮುಟ್ಟಿದ ಫೆಂಗಲ್ ಚಂಡಮಾರುತ ಕರಾವಳಿಯಲ್ಲೇ ಸುರಿದು ಮುಗಿಯಲಿಲ್ಲ. ಒಳನಾಡಿಗೆ ಬಂದು, ಸಮುದ್ರದ ಗಾಳಿಯೂ ಸೋಕದ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ ಒಂದು ದಿನಕ್ಕೆ 50 ಸೆಂಟಿಮೀಟರ್ ಮಳೆ ಹೊಯ್ಯಿತು. ಕೆರೆ ತುಂಬಿ ಬಂದ ನೀರಿನಲ್ಲಿ ಬಸ್ ನಿಲ್ದಾಣದ ಬಳಿ ನಿಲ್ಲಿಸಿದ್ದ ವ್ಯಾನು, ಕಾರುಗಳು ಒಂದರ ಹಿಂದೊಂದು ಕೊಚ್ಚಿಹೋದದ್ದನ್ನು ಹೊಸೂರಿನಲ್ಲಿ ಕೂತವರೆಲ್ಲ ಫೋನಿನಲ್ಲಿ ನೋಡಿದರು. ಅದೇ ಹೊತ್ತಿಗೆ ಕೆಳಗೆ ಸಾತನೂರು ಅಣೆಕಟ್ಟಿನಿಂದ ದಕ್ಷಿಣ ಪಿನಾಕಿನಿಗೆ ಒಂದೂವರೆ ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟರು. ತಿರುವಣ್ಣಾಮಲೈ, ವಿಳುಪ್ಪುರಂ ಜಿಲ್ಲೆಗಳನ್ನು ತೋಯಿಸಿಕೊಂಡು ಅದು ಕಡಲೂರನ್ನು ಮುಳುಗಿಸಿತು. ಕಡಲ ದಡದ ಊರಿಗೆ ಆ ಸಲ ನೆರೆ ಬಂದದ್ದು ಬೆನ್ನ ಕಡೆಯಿಂದ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ, ಇಪ್ಪತ್ತು ವರ್ಷಗಳಿಂದ ಕೇಳಿಬರುತ್ತಿರುವ ಒಂದು ಪರಿಹಾರವನ್ನು ಒರೆಗೆ ಹಚ್ಚಬೇಕು. ಕಲ್ಲಿನ ತಡೆಗೋಡೆಯ ಬದಲು ಉಪ್ಪುನೀರಿನ ಜೌಗು, ಕೆಸರು ಬಯಲು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಮರಳು ದಿಬ್ಬ ಇವುಗಳಿಗೇ ಕರಾವಳಿಯ ಕಾವಲು ವಹಿಸಿ ಎನ್ನುವುದು ಆ ಪರಿಹಾರ. ನಾನು ಅದರ ಪರ. ಆದರೆ ಅಗ್ಗದ ಗೋಡೆ ಎಂಬಂತೆ ಅದನ್ನು ಜನರಿಗೆ ಒಪ್ಪಿಸುತ್ತಿರುವ ರೀತಿಗೆ ನನ್ನ ತಕರಾರಿದೆ.

ನಮ್ಮಲ್ಲಿ ಈ ವಿಚಾರಕ್ಕೆ ಜೀವ ಬಂದದ್ದು 2004ರ ಡಿಸೆಂಬರ್ 26ರ ಸುನಾಮಿಯ ನಂತರ, ಅದೂ ಇದೇ ಕಡಲೂರು ಜಿಲ್ಲೆಯ ಸಾಕ್ಷ್ಯದ ಮೇಲೆ. ಮರಗಳ ಮರೆಯಲ್ಲಿದ್ದ ಹಳ್ಳಿಗಳಿಗೆ ಹಾನಿ ಕಡಿಮೆಯಾಯಿತು ಎಂದು ಡೇನಿಯಲ್ಸನ್ ಮತ್ತು ಸಂಗಡಿಗರು 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ಪರಂಗಿಪೇಟೆಯಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದ ಸಾಗರ ಕೇಂದ್ರದ ಕದಿರೇಶನ್ ಮತ್ತು ರಾಜೇಂದ್ರನ್ 18 ಮೀನುಗಾರ ಕುಪ್ಪಗಳ ಸಾವುನೋವಿನ ಲೆಕ್ಕ ಹಿಡಿದು ಅದೇ ಮಾತು ಹೇಳಿದರು. ಮರುವರ್ಷ ಕೆರ್, ಬೇರ್ಡ್, ಕ್ಯಾಂಪ್‌ಬೆಲ್ ಎಂಬ ಮೂವರು ಆ ಅಂಕಿಗಳನ್ನೇ ಮತ್ತೆ ತೂಗಿದರು. ಹಳ್ಳಿ ದಡದಿಂದ ಎಷ್ಟು ದೂರ, ಎಷ್ಟು ಎತ್ತರ ಎನ್ನುವುದರಿಂದಲೇ ವ್ಯತ್ಯಾಸದ ಬಹುಪಾಲು ತಿಳಿದುಬರುತ್ತದೆ, ಗಿಡಮರವನ್ನು ಲೆಕ್ಕಕ್ಕೆ ಸೇರಿಸಿದರೆ ಹೆಚ್ಚೇನೂ ಬದಲಾಗದು ಎಂಬುದು ಅವರ ತೀರ್ಮಾನ. ವನಮಹೋತ್ಸವದ ಭಾಷಣಗಳಲ್ಲಿ ಈ ಮೂರನೆಯ ಪ್ರಬಂಧದ ಸುದ್ದಿ ಬರುವುದಿಲ್ಲ.

ಅದು ಕಾಂಡ್ಲಾ ಕಾಡಿನ ವಿರುದ್ಧದ ವಾದ ಎಂದು ಓದುವವರೂ ಇದ್ದಾರೆ. ನನಗೆ ಹಾಗನ್ನಿಸಿಲ್ಲ. ಜೌಗು ಉಳಿದಲ್ಲಿ ಊರು ತಾನಾಗಿಯೇ ಹಿಂದೆ ಸರಿದಿರುತ್ತದೆ, ಗಟ್ಟಿ ನೆಲ ಹುಡುಕಿಕೊಂಡಿರುತ್ತದೆ. ಹಾಗಾಗಿ ಮರ ಉಳಿಸಿತೋ ದೂರ ಉಳಿಸಿತೋ ಎಂದು ಬಿಡಿಸಿ ಹೇಳುವುದೇ ಕಷ್ಟ. ಆ ಮೂವರು ಗೊತ್ತಿಲ್ಲದೆಯೇ ಈ ವಿಧಾನದ ತಿರುಳಿಗೆ ಬೆರಳಿಟ್ಟಿದ್ದಾರೆ: ಕಾಯುವುದು ಅಗಲ. ಗಿಡ ಆ ಅಗಲವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೆ.

ಪ್ರಯೋಗಗಳೂ ಇದನ್ನೇ ಹೇಳುತ್ತವೆ. ಜರ್ಮನಿಯ ಹ್ಯಾನೋವರ್‌ನ ದೊಡ್ಡ ಅಲೆತೊಟ್ಟಿಯೊಳಗೆ ನಿಜವಾದ ಉಪ್ಪುಜೌಗಿನ ನೆಲವನ್ನೇ ಕತ್ತರಿಸಿ ತಂದು 40 ಮೀಟರ್ ಉದ್ದಕ್ಕೆ ಹಾಸಿ, ಎರಡು ಮೀಟರ್ ಆಳದ ನೀರಿನಲ್ಲಿ ಬಿರುಗಾಳಿಯ ಅಲೆಗಳನ್ನು ಹರಿಸಿದರು. ತಗ್ಗಿದ ಅಲೆಯಲ್ಲಿ ಶೇ. 60ರವರೆಗಿನ ಪಾಲು ಹುಲ್ಲಿನದು ಎಂದು 2014ರಲ್ಲಿ ವರದಿಯಾಯಿತು. ದಂಟುಗಳು ಮುರಿದು ಮಲಗಿದ ಮೇಲೂ ಕೆಳಗಿನ ನೆಲ ಕದಲಲಿಲ್ಲವೆಂಬುದು ನನ್ನ ಮಟ್ಟಿಗೆ ಇನ್ನೂ ದೊಡ್ಡ ಸುದ್ದಿ. ಆದರೆ ಅಲೆ ಬೇರೆ, ಚಂಡಮಾರುತದಲ್ಲಿ ಒಟ್ಟಾರೆ ಉಬ್ಬಿ ಬರುವ ನೀರಿನ ಮಟ್ಟ ಬೇರೆ. ನೂರು ಮೀಟರ್ ಕಾಂಡ್ಲಾ ಕಾಡು ಅಲೆಯ ಎತ್ತರವನ್ನು ಶೇ. 13ರಿಂದ 66ರಷ್ಟು ಇಳಿಸಬಲ್ಲದು. ಉಬ್ಬಿದ ನೀರಿನ ಮಟ್ಟ ಅರ್ಧ ಮೀಟರ್ ಇಳಿಯಬೇಕಾದರೆ ಒಂದು ಕಿಲೋಮೀಟರ್ ಕಾಡು ಬೇಕು, ಅದೂ ಎಲ್ಲ ಅನುಕೂಲ ಕೂಡಿಬಂದರೆ. ಡಚ್ಚರು ಜೌಗನ್ನು ಗೋಡೆಗೆ ಬದಲಾಗಿ ನೋಡದೆ ಗೋಡೆಯ ಮುಂದಿನ ಅಂಗಳವಾಗಿ ನೋಡಿದ್ದು ಇದೇ ಕಾರಣಕ್ಕೆ. 1717 ಮತ್ತು 1953ರ ಮಹಾನೆರೆಗಳಲ್ಲಿ ಒಡ್ಡು ಒಡೆದ ಜಾಗಗಳನ್ನು ಹೋಲಿಸಿ ನೋಡಿದಾಗ, ಮುಂದೆ ಅಗಲವಾದ ಜೌಗು ಇದ್ದ ಕಡೆ ಒಡಕು ಚಿಕ್ಕದಾಗಿಯೇ ಉಳಿದಿತ್ತು.

ಹಾಗಿದ್ದರೆ ನಮ್ಮವರು ಮಾಡಿದ್ದೇನು? ಒಳ್ಳೆಯದನ್ನು ಮೊದಲು ಹೇಳುತ್ತೇನೆ. ವೆಳ್ಳಾರು ಮತ್ತು ಕೊಳ್ಳಿಡಂ ನಡುವಿನ ಪಿಚ್ಚಾವರಂನಲ್ಲಿ ಹಿಂದೆ ಕಾಡನ್ನು ತುಂಡು ತುಂಡಾಗಿ ಬೋಳು ಕಡಿದಿದ್ದರು. ಬಿಸಿಲಿಗೆ ಬಿದ್ದ ಕೆಸರು ಒಣಗಿ ತಗ್ಗಾಯಿತು. ಉಬ್ಬರದಲ್ಲಿ ಒಳಬಂದ ನೀರು ಇಳಿತದಲ್ಲಿ ಹೊರಹೋಗದೆ ನಿಂತು, ಆವಿಯಾಗಿ, ಉಪ್ಪೇರಿತು. ಅಲ್ಲಿ ಎಷ್ಟು ಸಸಿ ನೆಟ್ಟರೂ ಸಾಯುತ್ತಿತ್ತು. 1990ರ ದಶಕದಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಮತ್ತು ಅರಣ್ಯ ಇಲಾಖೆ ಸೇರಿ ಮೀನಿನ ಮುಳ್ಳಿನಂತೆ ಕವಲೊಡೆಯುವ ಕಾಲುವೆಗಳನ್ನು ತೋಡಿ ಉಬ್ಬರ ಇಳಿತವನ್ನು ಒಳಕ್ಕೆ ಬಿಟ್ಟವು. ಹೋದ ಕಾಡು ಮರಳಿತು. ಕೆಲಸದ ಮುಖ್ಯ ಸಲಕರಣೆ ಗುದ್ದಲಿ. ಸಸಿ ಬಂದದ್ದು ಆಮೇಲೆ.

ಆ ಪಾಠ ಪಿಚ್ಚಾವರಂ ದಾಟಿ ದೂರ ಹೋಗಲಿಲ್ಲ. ಸುನಾಮಿ ಪರಿಹಾರದ ಹಣದಲ್ಲಿ ತಮಿಳುನಾಡಿನ ಮರಳು ತೀರದ ಉದ್ದಕ್ಕೂ ಸರ್ವೆ ಮರದ ಸಾಲು ಎದ್ದಿತು. ನೆಟ್ಟರೆ ಬೇಗ ಬರುವ, ಫೋಟೋಗೆ ಒಪ್ಪುವ, ಸೌದೆಗೂ ಆಗುವ ಮರ ಅದು. ಗಾಳಿ ತಡೆಯುತ್ತದೆ, ಸುಳ್ಳಲ್ಲ. ಆದರೆ ಅಲೆ ಬಂದಾಗ ತಾನೇ ಸವೆದು ಮತ್ತೆ ಕಟ್ಟಿಕೊಳ್ಳುತ್ತಿದ್ದ ಮರಳು ದಿಬ್ಬವನ್ನು ತೋಟ ಮಾಡಿಬಿಟ್ಟರು; ಕಡಲಾಮೆ ಮೊಟ್ಟೆಯಿಡುತ್ತಿದ್ದ ಜಾಗವೂ ಅಲ್ಲಲ್ಲಿ ಅದರಡಿ ಹೋಯಿತು. ಈಗ 2023ರಲ್ಲಿ ಶುರುವಾದ ಕೇಂದ್ರದ ‘ಮಿಷ್ಠಿ’ ಯೋಜನೆ ಐದು ವರ್ಷಗಳಲ್ಲಿ 540 ಚದರ ಕಿಲೋಮೀಟರ್ ಕಾಂಡ್ಲಾ ಬೆಳೆಸುವ ಗುರಿ ಇಟ್ಟುಕೊಂಡಿದೆ. ಉಪ್ಪಿನ ಆಗರಗಳ ಜಮೀನೂ ಅದರ ಲೆಕ್ಕದಲ್ಲಿದೆ. ಗುರಿಯನ್ನು ಚದರ ಕಿಲೋಮೀಟರಿನಲ್ಲಿ ಬರೆದ ಮೇಲೆ ಕಣ್ಣು ಖಾಲಿ ಜಾಗ ಹುಡುಕುತ್ತದೆ. ಮೊಣಕಾಲೆತ್ತರದ, ಬೂದು ಕೆಂಪು ಬಣ್ಣದ ದಪ್ಪೆಲೆಯ ಗಿಡಗಳ ಉಪ್ಪುಜೌಗು ದೂರದಿಂದ ನೋಡಿದರೆ ಬರೀ ಬೀಳು. ಕೆಸರು ಬಯಲಂತೂ ಇನ್ನೂ ಬೋಳು. ಕರಾವಳಿ ನಿಯಂತ್ರಣ ವಲಯದ ಕಾನೂನು ಇವೆರಡನ್ನೂ ಕಾಂಡ್ಲಾ ಕಾಡಿನ ಸಾಲಿಗೇ ಸೇರಿಸಿ ರಕ್ಷಣೆ ಕೊಟ್ಟಿದೆ. ಆದರೂ ಒಂದನ್ನು ಅಳಿಸಿ ಇನ್ನೊಂದನ್ನು ನೆಟ್ಟರೆ ವರದಿಯಲ್ಲಿ ಅದು ಹಸಿರಿನ ಹೆಚ್ಚಳವೆಂದೇ ದಾಖಲಾಗುತ್ತದೆ.

ಹೊಸೂರು, ಕೃಷ್ಣಗಿರಿ ಕಡೆಯವರಿಗೆ ಈ ತಪ್ಪು ಹೊಸದಲ್ಲ. ನಮ್ಮ ಕೆರೆಗಳಿಗೂ ಒಂದು ಅಂಗಳವಿದೆ. ಏರಿಯ ಎದುರು ಬದಿಯಲ್ಲಿ, ಮಳೆಗಾಲ ಜೋರಾದರೆ ನೀರು ಹರಡಿಕೊಳ್ಳುವ, ಬೇಸಿಗೆಯಲ್ಲಿ ದನ ಕುರಿ ಮೇಯುವ ಇಳಿಜಾರು ಅದು. 1981ರಲ್ಲಿ ಸ್ವೀಡನ್ನಿನ ನೆರವಿನೊಂದಿಗೆ ಆರಂಭವಾದ ತಮಿಳುನಾಡಿನ ಸಾಮಾಜಿಕ ಅರಣ್ಯ ಯೋಜನೆ ಈ ಅಂಗಳಗಳನ್ನು ಪಾಳು ಜಾಗ ಎಂದೆಣಿಸಿ ಕರಿಜಾಲಿ ಹಾಕಿತು. ಸೌದೆ ಸಿಕ್ಕಿತು, ಪಂಚಾಯಿತಿಗೆ ಹರಾಜಿನ ದುಡ್ಡೂ ಬಂತು. ನೀರು ಹರಡಬೇಕಾದ ಜಾಗ ಮಾತ್ರ ಜನರ ಕಣ್ಣಿನಲ್ಲಿ ಕೆರೆಯಲ್ಲದೆ ಬೇರೇನೋ ಆಯಿತು. ಆ ಮೇಲೆ ರಸ್ತೆ, ಲೇಔಟ್, ಶೆಡ್ಡು ಬರಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಕೆರೆ ಒತ್ತುವರಿ ತೆರವಿಗೆ 2007ರಲ್ಲಿ ತಮಿಳುನಾಡು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಅರ್ಧ ಮೀಟರ್ ಮಳೆಯನ್ನು ಯಾವ ಕೆರೆಯ ಅಂಗಳವೂ ನುಂಗಲಾರದು, ಒಪ್ಪುತ್ತೇನೆ. ಆದರೆ ಕೆರೆಯಿಂದ ಕೆರೆಗೆ ಕೋಡಿ ಹರಿದು ಬರುವಷ್ಟು ಹೊತ್ತು, ಹರಡಿಕೊಳ್ಳುವಷ್ಟು ಜಾಗ ಇದ್ದಿದ್ದರೆ ಅದೇ ನೀರು ಕಡಲೂರಿಗೆ ನಿಧಾನವಾಗಿ ಹೋಗುತ್ತಿತ್ತು. ಕಡಲ ಕಡೆಗೆ ಮುಖ ಮಾಡಿ ನಿಂತ ಜೌಗು ನದಿಯ ನೆರೆಗೆ ಏನೂ ಮಾಡಲಾರದು. ಆ ಕೆಲಸ ಮೇಲಿನ ಅಂಗಳಗಳದ್ದು.

ಮೇಲಿನವರು ಕೆಳಗಿನ ಜೌಗಿಗೆ ಇನ್ನೊಂದನ್ನೂ ಕೊಡಬೇಕು: ಮಣ್ಣು. ಸಮುದ್ರದ ಮಟ್ಟ ಏರಿದಂತೆ ಉಪ್ಪುಜೌಗೂ ಏರಬೇಕಾದರೆ ನದಿ ತಂದ ಹೂಳು ವರ್ಷವರ್ಷವೂ ಅದರ ಮೇಲೆ ಕೂರಬೇಕು. ನಂದಿ ಬೆಟ್ಟದ ಬಳಿ ಹುಟ್ಟುವ ದಕ್ಷಿಣ ಪಿನಾಕಿನಿಯ ಹೂಳು ಹೊಸೂರಿನ ಕೆಲವರಪಳ್ಳಿಯಲ್ಲಿ, ಕೃಷ್ಣಗಿರಿಯಲ್ಲಿ, ಸಾತನೂರಿನಲ್ಲಿ ಒಂದೊಂದೇ ಅಣೆಕಟ್ಟಿನ ಹಿಂದೆ ತಂಗುತ್ತದೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೊಳಕಂತೂ ತಡೆಯಿಲ್ಲದೆ ಬಂದು ಕೆಲವರಪಳ್ಳಿಯ ಮದಗಿನಲ್ಲಿ ನೊರೆಯೇಳುತ್ತದೆ. ಬೇಕಾದ್ದು ನಿಲ್ಲುತ್ತದೆ, ಬೇಡದ್ದು ಹರಿಯುತ್ತದೆ. ನದೀಮುಖದಲ್ಲಿ ಜೌಗು ಬೆಳೆಸುವ ಯೋಜನೆ ಈ ಅಣೆಕಟ್ಟುಗಳ ಹೂಳಿನ ಬಗ್ಗೆ ಮಾತೆತ್ತದಿದ್ದರೆ ನಾನು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಾರೆ.

ಅಣೆಕಟ್ಟಿಲ್ಲದ ನದಿ ಹೇಗಿರುತ್ತದೆಂದು ನೋಡಬೇಕಿದ್ದರೆ ಕುಮಟೆಯ ಅಘನಾಶಿನಿಗೆ ಹೋಗಬೇಕು. ಅಲ್ಲಿನ ಗಜನಿ ಗದ್ದೆಗಳು ಈ ಇಡೀ ಚರ್ಚೆಗೆ ಕನ್ನಡನಾಡು ಕೊಟ್ಟ ಅತ್ಯುತ್ತಮ ಉತ್ತರ. ಹೊರಗೆ ಕಾಂಡ್ಲಾ, ಅದರ ಹಿಂದೆ ಮಣ್ಣಿನ ಒಡ್ಡು, ಒಡ್ಡಿನಲ್ಲಿ ಹಲಗೆಯ ತೂಬು, ಒಳಗೆ ಗದ್ದೆ. ಮಳೆಗಾಲದ ಸಿಹಿನೀರು ಉಪ್ಪು ತೊಳೆದ ಮೇಲೆ ಉಪ್ಪು ತಾಳುವ ಕಗ್ಗ ಭತ್ತ; ಕೊಯ್ಲಾದ ಮೇಲೆ ತೂಬು ತೆಗೆದರೆ ಉಬ್ಬರದೊಂದಿಗೆ ಸೀಗಡಿ, ಮೀನು. ಕಡಲನ್ನು ಹೊರಗಿಡುವ ಹಟವಿಲ್ಲ, ಪೂರಾ ಬಿಟ್ಟುಕೊಡುವ ಭೋಳೆತನವೂ ಇಲ್ಲ. ಆದರೆ ಇದು ತನ್ನಷ್ಟಕ್ಕೆ ನಡೆಯುವ ಪ್ರಕೃತಿಯಲ್ಲ. ವರ್ಷವರ್ಷವೂ ಒಡ್ಡಿಗೆ ಮಣ್ಣು ಹಾಕುವ ಮೈಮುರಿಯುವ ದುಡಿಮೆ. ಸೀಗಡಿ ಕೃಷಿಯ ಹುಚ್ಚು ಹಬ್ಬಿದಾಗ ಕಾಂಡ್ಲಾ ಕಡಿದರು, ಒಡ್ಡು ಯಾರದ್ದೂ ಅಲ್ಲದಾಯಿತು, 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದು ಸೀಗಡಿಯೂ ಹೋಯಿತು. 2024ರಲ್ಲಿ ಅಘನಾಶಿನಿ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಎಂಬ ರಾಮ್ಸರ್ ಪಟ್ಟ ಸಿಕ್ಕಿದೆ. ಪಟ್ಟ ಬಂತೆಂದು ಒಡ್ಡಿಗೆ ಮಣ್ಣು ಹೊರುವ ಕೈಗಳು ಮರಳಿ ಬರುವುದಿಲ್ಲ.

ಕೊನೆಗೆ, ಆ ಅಗಲ ಯಾರ ಜಮೀನಿನಿಂದ ಬರಬೇಕು ಎಂಬ ಪ್ರಶ್ನೆ. ಪ್ರಕೃತಿಯ ರಕ್ಷಣೆಯ ಬಗ್ಗೆ ಬರೆಯುವವರು ಇಲ್ಲಿಗೆ ಬಂದಾಗ ದನಿ ತಗ್ಗಿಸುತ್ತಾರೆ. ಸುನಾಮಿಯ ನಂತರ 2005ರ ಮಾರ್ಚ್‌ನಲ್ಲಿ ತಮಿಳುನಾಡು ಸರ್ಕಾರ, ದಡದಿಂದ 200 ಮೀಟರ್ ಆಚೆಗೆ ಹೋಗುವವರಿಗೆ ಹೊಸ ಮನೆ, ಅಲ್ಲೇ ಉಳಿಯುವವರಿಗೆ ನೆರವಿಲ್ಲ ಎಂದು ಆದೇಶಿಸಿತು. ದೋಣಿ, ಬಲೆ, ಮೀನು ಒಣಗಿಸುವ ಮರಳು ಎಲ್ಲವೂ ದಡದಲ್ಲೇ ಇರುವ ಮೀನುಗಾರರು ಅನುಮಾನಪಟ್ಟರು: ನಾವು ಬಿಟ್ಟ ಜಾಗಕ್ಕೆ ಹೋಟೆಲು ಬಂದರೆ? 2019ರ ಜನವರಿಯಲ್ಲಿ ಪ್ರಕಟವಾದ ಹೊಸ ಕರಾವಳಿ ನಿಯಂತ್ರಣ ಅಧಿಸೂಚನೆ, ಜನದಟ್ಟಣೆಯ ಗ್ರಾಮೀಣ ತೀರಗಳಲ್ಲಿ ಕಟ್ಟಡ ನಿಷೇಧದ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಜನ ಹಿಂದೆ ಸರಿಯಲಿ ಎಂದ ಅದೇ ದಶಕಗಳಲ್ಲಿ ಕಾಂಕ್ರೀಟು ಮುಂದೆ ಬರಬಹುದು ಎಂದಾಯಿತು. ಈ 150 ಮೀಟರಿನ ಲೆಕ್ಕ ಚುಕ್ತಾ ಆಗುವವರೆಗೆ, ನೆಟ್ಟ ಸಸಿಗಳ ಲೆಕ್ಕ ಕೇಳುವ ಉತ್ಸಾಹ ನನಗಿಲ್ಲ.