ಕ್ಲೀ: ಯುದ್ಧಕಾಲದ ಕಾಗದಗಳು

ಪಾಲ್ ಕ್ಲೀ ಮೊದಲ ಮಹಾಯುದ್ಧದ ಕಾಲದಲ್ಲಿ ರಚಿಸಿದ ಜಲವರ್ಣಗಳ ಮೇಲೆ ಹಳೆಯ ಆಕ್ಷೇಪವೊಂದಿದೆ: ಇವುಗಳಲ್ಲಿ ಯುದ್ಧ ಎಲ್ಲಿ? ಗೆಳೆಯ ಔಗುಸ್ಟ್ ಮಾಕೆ 1914ರಲ್ಲೇ ಸತ್ತ. ಫ್ರಾಂಜ್ ಮಾರ್ಕ್ 1916ರ ಮಾರ್ಚ್ 4ರಂದು ವೆರ್ಡನ್ ಬಳಿ ಸತ್ತ. ಅದೇ ತಿಂಗಳು ಕ್ಲೀಗೆ ಸೈನ್ಯದ ಕರೆ ಬಂತು. ಆದರೂ ಅವನ ಕಾಗದಗಳಲ್ಲಿ ಕಂದಕವಿಲ್ಲ, ಹೆಣವಿಲ್ಲ. ನಕ್ಷತ್ರ, ಹಕ್ಕಿ, ಬಣ್ಣದ ಚೌಕಗಳಿವೆ. ಸಾಲದ್ದಕ್ಕೆ 1917ರಲ್ಲಿ ಬರ್ಲಿನ್ನಿನ ‘ಡೆರ್ ಸ್ಟುರ್ಮ್’ ಗ್ಯಾಲರಿಯಲ್ಲಿ ಅವು ಚೆನ್ನಾಗಿ ಮಾರಾಟವೂ ಆದವು.

ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕ್ಲೀ ಕಾದಾಡಿದವನಲ್ಲ. ಷ್ಲೈಸ್‌ಹೈಮ್‌ನಲ್ಲಿ ವಿಮಾನಗಳಿಗೆ ಬಣ್ಣ ಬಳಿದ. 1917ರ ಜನವರಿಯಿಂದ ಗೆರ್ಸ್ಟ್‌ಹೋಫೆನ್ ವಿಮಾನ ಶಾಲೆಯ ಖಜಾನೆ ಕಚೇರಿಯಲ್ಲಿ ಗುಮಾಸ್ತನಾದ. (ಆ ಕೆಲಸದ ರುಚಿ ನನಗೆ ಯಾರೂ ಹೇಳಬೇಕಾಗಿಲ್ಲ.) ವಿಮಾನದ ರೆಕ್ಕೆಗೆ ಹೊದಿಸುವ ಬಟ್ಟೆಯ ತುಂಡುಗಳ ಮೇಲೂ ಚಿತ್ರ ಬರೆದ. ಆ ಶಾಲೆಯಲ್ಲಿ ವಿಮಾನಗಳು ಬೀಳುತ್ತಿದ್ದವು, ಕಲಿಯುವ ಹುಡುಗರು ಸಾಯುತ್ತಿದ್ದರು. ಇದು ತಿಳಿದ ಮೇಲೆ 1918ರ ‘ಹೂವಿನ ಪುರಾಣ’ದಲ್ಲಿ, ಕೆಂಪು ಹಿನ್ನೆಲೆಯಲ್ಲಿ ಕೊಕ್ಕು ಕೆಳಗಾಗಿ ಹೂವಿನತ್ತ ಎರಗುವ ಹಕ್ಕಿಯನ್ನು ಬರೀ ಹಕ್ಕಿಯೆಂದು ನೋಡಲು ನನ್ನಿಂದಾಗಿಲ್ಲ.

ಆದರೆ ನನ್ನ ವಾದ ಹಕ್ಕಿಯ ಮೇಲೆ ನಿಂತಿಲ್ಲ. ಅದೇ ವರ್ಷದ ಇನ್ನೊಂದು ಜಲವರ್ಣ, ‘ಒಮ್ಮೆ ರಾತ್ರಿಯ ಬೂದುಬಣ್ಣದಿಂದ ಮೂಡಿ’, ಈಗ ಬರ್ನ್ ನಗರದಲ್ಲಿದೆ. ಮೇಲೆ ಕೈಬರಹದಲ್ಲಿ ಪುಟ್ಟ ಪದ್ಯ. ಕೆಳಗೆ ಅದೇ ಪದ್ಯದ ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ. ಅಕ್ಷರದ ಗೆರೆಗಳ ನಡುವೆ ಬೇರೆ ಬೇರೆ ಬಣ್ಣ. ಜರ್ಮನ್ ಬಾರದ ನನಗಿರಲಿ, ಬಲ್ಲವರಿಗೂ ಇಲ್ಲಿ ಪದ ಕೂಡಲೇ ಕೈಗೆ ಸಿಗದು. ಬಣ್ಣಗಳ ನಡುವೆ ತಡಕಾಡಬೇಕು. ಬರೆದು ಮುಗಿಸಿದ ಈ ಚಿತ್ರವನ್ನು ಕ್ಲೀ ಅಡ್ಡಲಾಗಿ ಎರಡು ತುಂಡಾಗಿ ಕತ್ತರಿಸಿ, ನಡುವೆ ಬೆಳ್ಳಿಯ ಬಣ್ಣದ ಕಾಗದದ ಪಟ್ಟಿಯಿಟ್ಟು ರಟ್ಟಿಗೆ ಅಂಟಿಸಿದ. ಅಚ್ಚಿನ ಪ್ರತಿಯಲ್ಲಷ್ಟೇ ಕಂಡ ನನ್ನ ಕಣ್ಣೂ ಮೊದಲು ಹೋಗಿ ನಿಂತದ್ದು ಆ ಪಟ್ಟಿಯಲ್ಲಿ. ಪದ್ಯ ಅಲ್ಲಿ ನಿಂತು, ಆಚೆ ಮತ್ತೆ ಶುರುವಾಗುತ್ತದೆ. ಯುದ್ಧ ಚಿತ್ರದ ವಸ್ತುವಾಗಿಲ್ಲ; ಕತ್ತರಿಯಾಗಿ ಬಂದಿದೆ.

ಆ ಕಾಲದ ಕಾಗದಗಳಿಗೆಲ್ಲ ಈ ಮಾತು ಸಲ್ಲದು. ಕೆಲವು ಚಂದ್ರ, ನಕ್ಷತ್ರಗಳು ಮುದ್ದಾಗಿವೆ, ಅಷ್ಟೇ. ಕೊಳ್ಳುವವರ ಗೋಡೆಯನ್ನು ನೆನೆದು ಬರೆದಂತಿವೆ. ಅವುಗಳ ಪರವಾಗಿ ನಾನು ವಾದಿಸಲಾರೆ.

1911ರಿಂದಲೇ ಕ್ಲೀ ತನ್ನ ಕೃತಿಗಳಿಗೆ ವರ್ಷ, ಸಂಖ್ಯೆ ಹಾಕಿ ಪಟ್ಟಿ ಇಡುತ್ತಿದ್ದ. ಸಮವಸ್ತ್ರ ತೊಟ್ಟ ಮೇಲೂ ಬಿಡಲಿಲ್ಲ. ಆ ಪಟ್ಟಿಯಲ್ಲಿ ಈ ಕತ್ತರಿಸಿದ ಪದ್ಯದ ನಮೂದು: 1918, 17.