ಗೊತ್ತಿಲ್ಲ ಅಂದ ವರದಿಗಾರ

ಪೋಲೆಂಡಿನ ರಿಶಾರ್ಡ್ ಕಪುಶ್ಚಿನ್ಸ್ಕಿ 1956ರಲ್ಲಿ ದೆಹಲಿಗೆ ಬಂದಿಳಿದಾಗ ಅವನಿಗೆ ಇಂಗ್ಲಿಷೇ ಬರ್ತಿರಲಿಲ್ಲ. ಯುರೋಪಿನಾಚೆಗೆ ಮೊದಲ ಪ್ರವಾಸ. ಕಳಿಸಿದ ಪತ್ರಿಕೆಯ ಸಂಪಾದಕಿ ಕೈಗೆ ಕೊಟ್ಟಿದ್ದು ಹೆರೊಡೋಟಸನ ಪುಸ್ತಕ. ಇಲ್ಲಿ ಹೆಮಿಂಗ್ವೇಯ ಕಾದಂಬರಿಯೊಂದನ್ನು ಕೊಂಡು, ಪದ ಪದ ಬಿಡಿಸಿ ಓದಲು ಹೆಣಗಿದ.

ಈ ಪಾಡು ನಿಮಗೂ ಗೊತ್ತು. ರಜೆಗೆ ಊರಿಗೆ ಹೋದಾಗ ಅಜ್ಜಿಯ ಮಾತು ಅರ್ಧ ತಿಳಿದು, ಉಳಿದರ್ಧಕ್ಕೆ ಸುಮ್ಮನೆ ತಲೆಯಾಡಿಸಿದ್ದೀರಲ್ಲ?

ಆಮೇಲೆ ಅವನು ಪೋಲೆಂಡಿನ ಸುದ್ದಿಸಂಸ್ಥೆಗೆ ಆಫ್ರಿಕಾ, ಲ್ಯಾಟಿನ್ ಅಮೆರಿಕಗಳಿಂದ ವರ್ಷಗಟ್ಟಲೆ ವರದಿ ಕಳಿಸಿದ. ಟೆಲೆಕ್ಸ್‌ನಲ್ಲಿ ಹಿಡಿಸದೆ ಉಳಿದದ್ದು ಪುಸ್ತಕವಾಯಿತು. 1975ರ ಅಂಗೋಲಾದ ಬಗ್ಗೆ ಬರೆದದ್ದನ್ನೇ ನೋಡಿ: ಲುವಾಂಡಾ ಬಿಟ್ಟು ಹೊರಟ ಪೋರ್ಚುಗೀಸರು ಮನೆ ಸಾಮಾನೆಲ್ಲ ಮರದ ಪೆಟ್ಟಿಗೆಗಳಿಗೆ ತುಂಬುತ್ತಾರೆ, ಊರೊಳಗೆ ಇನ್ನೊಂದು ಮರದ ಊರೇ ಎದ್ದು, ಹಡಗು ಹತ್ತಿ ಹೋಗಿಬಿಡುತ್ತದೆ. ಕಣ್ಣಾರೆ ಕಂಡವನ ಬರಹ ಅದು.

ಅವನಿಗೆ ದೊಡ್ಡ ಹೆಸರು ತಂದದ್ದು ಮಾತ್ರ 1978ರ ‘ದಿ ಎಂಪರರ್’. 1974ರಲ್ಲಿ ಪಟ್ಟ ಕಳೆದುಕೊಂಡ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿಯ ಆಸ್ಥಾನದ ಕತೆ. ನನ್ನ ತಕರಾರು ಇಲ್ಲೇ. ಮಾತಾಡುವ ಆಸ್ಥಾನಿಕರಿಗೆ ಪೂರ್ತಿ ಹೆಸರಿಲ್ಲ, ಬರೀ ಇನಿಷಿಯಲ್. ಎಲ್ಲರದೂ ಒಂದೇ ದನಿ, ಅದು ಲೇಖಕನ ದನಿ. ದೊರೆ ಓದುತ್ತಲೇ ಇರಲಿಲ್ಲ ಅನ್ನುತ್ತದೆ ಪುಸ್ತಕ. ಚೆನ್ನಾಗಿ ಓದಿಕೊಂಡವನು ಅಂತ ಇಥಿಯೋಪಿಯಾ ಬಲ್ಲ ವಿದ್ವಾಂಸರು ತಿದ್ದಿದರು. ಪೋಲೆಂಡಿನ ಕಮ್ಯುನಿಸ್ಟ್ ಆಡಳಿತವನ್ನೇ ಮರೆಯಲ್ಲಿ ಚುಚ್ಚಿದ ರೂಪಕ ಇದು ಅಂತ ಸಮರ್ಥಿಸುವವರಿದ್ದಾರೆ. ಇರಬಹುದು. ಆದರೆ ಒಂದು ದೇಶದ ಜನ ಇನ್ನೊಂದು ದೇಶದ ರೂಪಕಕ್ಕೆ ಕಚ್ಚಾವಸ್ತು ಆಗಬೇಕೇ?

ನನ್ನ ಕೆಲಸ ಡೇಟಾ. ಮಾಹಿತಿ ಇಲ್ಲದ ಖಾನೆಯನ್ನು ಅಂದಾಜಿನಿಂದ ತುಂಬುವುದು ತಪ್ಪಲ್ಲ. ಇದು ಅಂದಾಜು ಅಂತ ಗುರುತು ಹಾಕದಿರುವುದು ತಪ್ಪು. ‘ದಿ ಎಂಪರರ್’ನಲ್ಲಿ ಆ ಗುರುತಿಲ್ಲ.

ಅದಕ್ಕೇ 2004ರ ‘ಟ್ರಾವೆಲ್ಸ್ ವಿತ್ ಹೆರೊಡೋಟಸ್’ ನನಗೆ ಹೆಚ್ಚು ಹತ್ತಿರ. ದೆಹಲಿಯ ಆ ಪೇಚಾಟ ಬರುವುದು ಇದರಲ್ಲೇ. ಸುಮಾರು ಐವತ್ತು ವರ್ಷದ ಮೇಲೆ ನೆನೆದು ಬರೆದದ್ದು. ಇಲ್ಲೂ ಒಂದಿಷ್ಟು ಬಣ್ಣ ಸೇರಿರಬಹುದು. ಆದರೂ ಭಾಷೆ ತನಗೆ ಗೋಡೆಯಾಗಿತ್ತು, ಆಚೆ ಏನಿದೆಯೋ ಕಾಣಲಿಲ್ಲ ಅಂತ ಒಪ್ಪಿಕೊಳ್ಳುತ್ತಾನೆ. ವರದಿಗಾರ ಮುಚ್ಚಿಡಬೇಕಾಗಿದ್ದ ಅಜ್ಞಾನವೇ ಪ್ರವಾಸ ಬರೆಯುವವನಿಗೆ ವಸ್ತುವಾಯಿತು. ಅಲ್ಲಿ ಅವನನ್ನು ನಂಬಬೇಕು ಅನ್ನಿಸುತ್ತದೆ.

ಮೊದಲು ಇದನ್ನೇ ಓದಿ; ‘ದಿ ಎಂಪರರ್’ ಆಮೇಲೆ, ಕಾದಂಬರಿ ಓದುವ ಹಾಗೆ. ಮುಂದಿನ ಸಲ ಊರಿಗೆ ಹೋದಾಗ ತಲೆಯಾಡಿಸಬೇಡಿ. ‘ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಜ್ಜಿ’ ಅನ್ನಿ.