ಒಪ್ಪಿಗೆ ಪತ್ರದ ಕನ್ನಡ

ಕತೆ, ಕವಿತೆ, ಕಾದಂಬರಿಗಳ ಮಟ್ಟಿಗೆ ನಮ್ಮಲ್ಲಿ ವಿಮರ್ಶಕರಿಗೇನೂ ಬರವಿಲ್ಲ. ಯಾರಾದರೂ ನಾಲ್ಕು ಕತೆ ಬರೆದು ಪುಸ್ತಕ ಮಾಡಿದರೆ ಅದರ ಭಾಷೆ ಎಂಥದ್ದು, ನಿರೂಪಕ ಯಾರು, ಅವನು ಯಾರ ಪರವಾಗಿ ಮಾತಾಡುತ್ತಾನೆ ಎಂದು ವಿಚಾರಿಸಲು ಎಲ್ಲಿಂದಲಾದರೂ ಒಬ್ಬರು ಬಂದೇ ಬರುತ್ತಾರೆ. ಆದರೆ ಕನ್ನಡದಲ್ಲಿ ಇನ್ನೊಂದು ಬಗೆಯ ಗದ್ಯವಿದೆ. ಅದಕ್ಕೆ ಲೇಖಕನ ಹೆಸರಿಲ್ಲ, ಮುನ್ನುಡಿಯಿಲ್ಲ, ಬೆಲೆಯಿಲ್ಲ. ಓದಿದವರು ಕೊನೆಯ ಪುಟದಲ್ಲಿ ಸಹಿ ಹಾಕಬೇಕು. ಸಹಿ ಬಾರದವರು ಹೆಬ್ಬೆಟ್ಟು ಒತ್ತಬೇಕು. ಹೊಸ ಮದ್ದನ್ನೋ ಲಸಿಕೆಯನ್ನೋ ಚಿಕಿತ್ಸೆಯ ಕ್ರಮವನ್ನೋ ಮನುಷ್ಯರ ಮೇಲೆ ಪರೀಕ್ಷಿಸಿ ನೋಡುವ ಕ್ಲಿನಿಕಲ್ ಟ್ರಯಲ್‌ಗೆ ಸೇರುವವರ ಕೈಗೆ ಕೊಡುವ ಒಪ್ಪಿಗೆ ಪತ್ರದ ಗದ್ಯ ಅದು. ಅದನ್ನು ಯಾರೂ ವಿಮರ್ಶೆಗೆ ಎತ್ತಿಕೊಂಡದ್ದನ್ನು ನಾವು ಕಂಡಿಲ್ಲ.

ಉಡುಪಿ ಜಿಲ್ಲೆಯಲ್ಲಿ ಈ ಗದ್ಯಕ್ಕೆ ಓದುಗರಿದ್ದಾರೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು 1953ರಲ್ಲಿ ಆರಂಭವಾಯಿತು. ಉಡುಪಿಯಲ್ಲೂ ಕಾರ್ಕಳದಲ್ಲೂ ಡಾ. ಟಿ.ಎಂ.ಎ. ಪೈ ಹೆಸರಿನ ಆಸ್ಪತ್ರೆಗಳಿವೆ. ಕುತ್ಪಾಡಿಯಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿದೆ. ವೈದ್ಯರನ್ನು ತಯಾರು ಮಾಡುವ ಕಡೆ ಸಂಶೋಧನೆ ಇದ್ದೇ ಇರುತ್ತದೆ, ಇರಲೂಬೇಕು. ಕಾಪುವಿನ ಮೀನುಗಾರನೋ ಕಾರ್ಕಳದ ಬೀಡಿ ಕಟ್ಟುವ ಹೆಂಗಸೋ ಕಾಯಿಲೆಯೆಂದು ಮಣಿಪಾಲದ ಬಸ್ಸು ಹತ್ತಿದರೆ ಎಂದಾದರೊಂದು ದಿನ ಈ ಕಾಗದ ಅವರ ಮುಂದೆ ಬರಬಹುದು.

ನಮ್ಮ ಕಡೆ ಉರ್ದು, ಕನ್ನಡ ಎರಡನ್ನೂ ಶಾಲೆಯಲ್ಲಿ ಕಲಿತವರಿಗೆ ಸಂಬಳವಿಲ್ಲದ ಉದ್ಯೋಗವೊಂದು ತಾನಾಗಿಯೇ ಅಂಟಿಕೊಳ್ಳುತ್ತದೆ. ಒಂದು ಕಾಲದಲ್ಲಿ ಗಲ್ಫಿನಿಂದ ಬಂದ ಪತ್ರಗಳನ್ನು ಓದಿ ಹೇಳಬೇಕಿತ್ತು, ಆಮೇಲೆ ಬ್ಯಾಂಕಿನ ನೋಟೀಸುಗಳನ್ನು. ಈಗ ಆಸ್ಪತ್ರೆಯ ಕಾಗದಗಳು ಬರುತ್ತವೆ. ಹಾಗೆ ಕೈಗೆ ಬಂದ ಕೆಲವು ಒಪ್ಪಿಗೆ ಪತ್ರಗಳನ್ನು ನಾವು ಕತೆ ಓದುವ ಹಾಗೆಯೇ ಓದಿದ್ದೇವೆ. ಅವು ಯಾವ ಆಸ್ಪತ್ರೆಯವು, ಯಾವ ಕಂಪೆನಿಯವು ಎಂಬುದು ಇಲ್ಲಿ ಮುಖ್ಯವಲ್ಲ. ಭಾಷೆಯ ಮಟ್ಟಿಗೆ ಎಲ್ಲವೂ ಒಂದೇ ತಾಯಿಯ ಮಕ್ಕಳು.

ಈ ಗದ್ಯದಲ್ಲಿ ಮತ್ತೆ ಮತ್ತೆ ಬರುವ ಪದ ‘ಅಧ್ಯಯನ’. ಕನ್ನಡದಲ್ಲಿ ಅಧ್ಯಯನ ಎಂದರೆ ಓದು. ಪುಸ್ತಕ ತೆರೆದು ಕೂತವನ ಚಿತ್ರ ಕಣ್ಣ ಮುಂದೆ ಬರುತ್ತದೆಯೇ ಹೊರತು ತನ್ನ ಮೈಯೇ ಆ ಪುಸ್ತಕ ಎಂಬುದು ಹೊಳೆಯುವುದಿಲ್ಲ. ‘ಪ್ರಯೋಗ’ ಎನ್ನೋಣವೆಂದರೆ ನಮ್ಮ ಕರಾವಳಿಯಲ್ಲಿ ಅದರ ಹಿಂದೆ ಮಾಟ ಬಂದು ನಿಲ್ಲುತ್ತದೆ. ‘ಪರೀಕ್ಷೆ’ ಎಂದರೆ ರಕ್ತ ಪರೀಕ್ಷೆಯಾಗುತ್ತದೆ. ಹಾಗಾಗಿ ರೋಗಿ ತನಗೆ ಪರಿಚಯವಿರುವ ‘ಚಿಕಿತ್ಸೆ’ ಎಂಬ ಪದವನ್ನು ಹಿಡಿದುಕೊಳ್ಳುತ್ತಾನೆ. ಡಾಕ್ಟರರು ನನಗಾಗಿಯೇ ಒಳ್ಳೆಯದೊಂದು ಮದ್ದನ್ನು ಆರಿಸಿದ್ದಾರೆ ಎಂದುಕೊಳ್ಳುತ್ತಾನೆ. ಈ ತಪ್ಪು ತಿಳಿವಳಿಕೆ ನಮ್ಮವರಿಗೆ ಮಾತ್ರ ಇರುವುದಲ್ಲ. ಅಮೆರಿಕದ ಮನೋವೈದ್ಯ ಪಾಲ್ ಆಪೆಲ್‌ಬಾಮ್ ಮತ್ತು ಸಂಗಡಿಗರು 1982ರಲ್ಲೇ ಅದನ್ನು ಗುರುತಿಸಿ ಹೆಸರಿಟ್ಟಿದ್ದರು. ಟ್ರಯಲ್‌ನ ಮೊದಲ ಗುರಿ ಮದ್ದಿನ ಬಗ್ಗೆ ತಿಳಿಯುವುದು. ಸೇರಿದವನಿಗೆ ಗುಣವಾದರೆ ಸಂತೋಷ, ಆದರೆ ಆ ಭರವಸೆಯನ್ನು ಯಾರೂ ಕೊಡುವಂತಿಲ್ಲ.

ಕಾಯಿಲೆಯಿಲ್ಲದೆಯೂ ಟ್ರಯಲ್‌ಗೆ ಸೇರುವವರನ್ನು ಪತ್ರ ‘ಆರೋಗ್ಯವಂತ ಸ್ವಯಂಸೇವಕ’ ಎನ್ನುತ್ತದೆ. ಸ್ವಯಂಸೇವಕ ಎಂದೊಡನೆ ನಮ್ಮ ಜಿಲ್ಲೆಯಲ್ಲಿ ಯಾವ ಚಿತ್ರ ಮೂಡುತ್ತದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಅದಿರಲಿ, ಉರೂಸಿನಲ್ಲಿ ಬ್ಯಾಡ್ಜು ಧರಿಸಿ ಅನ್ನ ಬಡಿಸುವವನೂ ಸ್ವಯಂಸೇವಕನೇ. ‘ಸೇವೆ’ ಎಂಬ ಆ ಪದದೊಳಗೆ ದುಡ್ಡಿಲ್ಲ. ಆದರೆ ಮದ್ದು ರಕ್ತಕ್ಕೆ ಎಷ್ಟು ಸೇರುತ್ತದೆ ಎಂದು ಅಳೆಯುವ ಪರೀಕ್ಷೆಗಳಲ್ಲಿ ಆರೋಗ್ಯವಂತರಿಗೆ ಅವರ ಸಮಯಕ್ಕೂ ತೊಂದರೆಗೂ ಹಣ ಕೊಡುತ್ತಾರೆ, ಅದನ್ನು ಎಥಿಕ್ಸ್ ಕಮಿಟಿ ಒಪ್ಪಬೇಕು. ಆ ಹಣಕ್ಕಾಗಿಯೇ ಬರುವ ಬಡವನನ್ನು ಸೇವಕನೆಂದು ಕರೆದರೆ ಕಾಗದ ಅಂದವಾಗುತ್ತದೆ, ಅವನ ಅಪಾಯ ಕಡಿಮೆಯಾಗುವುದಿಲ್ಲ. 2011ರಲ್ಲಿ ಆಂಧ್ರದ ಗುಂಟೂರು ಜಿಲ್ಲೆಯ ಪಿಡುಗುರಾಳ್ಳದ ಬಡ ಹೆಂಗಸರನ್ನು ಹೈದರಾಬಾದಿಗೆ ಕರೆದೊಯ್ದು ಕ್ಯಾನ್ಸರ್ ಮದ್ದಿನ ಇಂಥ ಪರೀಕ್ಷೆಗೆ ಸೇರಿಸಿದ್ದು ಬಯಲಾಗಿ ದೊಡ್ಡ ಸುದ್ದಿಯಾಯಿತು. ಅವರು ಸೇವೆಗೆಂದು ಹೋದವರಲ್ಲ.

ನಮಗೆ ಹೆಚ್ಚು ತಲೆನೋವು ತಂದ ಪದ ‘ಯಾದೃಚ್ಛಿಕ’. ಸೇರಿದವರಲ್ಲಿ ಯಾರಿಗೆ ಹೊಸ ಮದ್ದು, ಯಾರಿಗೆ ಹಳೆಯದು ಅಥವಾ ಮದ್ದೇ ಇಲ್ಲದ ಗುಳಿಗೆ ಎಂಬುದನ್ನು ಯಾರೂ ಆರಿಸದ ಹಾಗೆ ಹಂಚುವ ಕ್ರಮಕ್ಕೆ ಈ ಹೆಸರು. ಕನ್ನಡ ಎಂ.ಎ. ಮಾಡಿದವರೂ ಒಂದು ಕ್ಷಣ ತಡೆದು ನಿಲ್ಲುವ ಪದವಿದು. ನಾವಾದರೆ ಹೀಗೆ ಬರೆಯುತ್ತಿದ್ದೆವು: ನಿಮಗೆ ಯಾವ ಮದ್ದು ಎಂಬುದನ್ನು ಡಾಕ್ಟರರು ಆರಿಸುವುದಿಲ್ಲ. ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ನಿಮಗೆ ಬಂದದ್ದು ಮದ್ದಿಲ್ಲದ ಗುಳಿಗೆಯೂ ಆಗಿರಬಹುದು. ಯಾವುದು ಬಂತೆಂದು ಟ್ರಯಲ್ ಮುಗಿಯುವವರೆಗೆ ನಿಮಗೂ ಗೊತ್ತಿರುವುದಿಲ್ಲ, ಡಾಕ್ಟರರಿಗೂ ಗೊತ್ತಿರುವುದಿಲ್ಲ.

ಇಷ್ಟು ಸುಲಭವಾಗಿ ಬರೆಯಲು ಯಾರು ಬೇಡವೆನ್ನುತ್ತಾರೆ? ಇಲ್ಲೊಂದು ತಮಾಷೆಯಿದೆ. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಪತ್ರವನ್ನು ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಮೂಲದೊಂದಿಗೆ ತಾಳೆ ನೋಡುವ ಪದ್ಧತಿಯಿದೆ. ಅನುವಾದಕನು ಏನನ್ನೂ ಮುಚ್ಚಿಡಬಾರದು ಎಂಬ ಒಳ್ಳೆಯ ಉದ್ದೇಶ ಅದರದು. ಆದರೆ ‘ಯಾದೃಚ್ಛಿಕ’ ಎಂದು ಬರೆದರೆ ಅದು ಚಾಚೂ ತಪ್ಪದೆ ‘ರ್‍ಯಾಂಡಮ್’ ಆಗಿ ತವರಿಗೆ ಮರಳುತ್ತದೆ. ‘ಚೀಟಿ ಎತ್ತಿದ ಹಾಗೆ’ ಎಂದು ಬರೆದರೆ ‘ಲಾಟರಿ’ಯಾಗಿ ಮರಳಿ, ಮೂಲದಲ್ಲಿ ಇಲ್ಲದ್ದು ಹೇಗೆ ಬಂತೆಂಬ ಪ್ರಶ್ನೆಗೆ ಗುರಿಯಾಗುತ್ತದೆ. ಯಾರಿಗೂ ಅರ್ಥವಾಗದ ಪದ ಪಾಸು, ಎಲ್ಲರಿಗೂ ಅರ್ಥವಾಗುವ ಮಾತು ಫೇಲು. ಉರ್ದುವಿನಿಂದ ಕನ್ನಡಕ್ಕೆ ನಾಲ್ಕು ಕತೆ ತಂದವರಿಗೆಲ್ಲ ಗೊತ್ತು, ಹಿಂದಕ್ಕೆ ತಿರುಗಿಸಿದಾಗ ಅಕ್ಷರಕ್ಕೆ ಅಕ್ಷರ ಕೂಡಿ ಬರುವ ಅನುವಾದ ಮುಂದಿನ ಓದುಗನಿಗೆ ಸತ್ತ ಅನುವಾದ. ನಮ್ಮ ಮುಖ್ಯ ತಕರಾರು ಇದೇ. ಈ ಪತ್ರದ ನಿಜವಾದ ಓದುಗ ರೋಗಿಯಲ್ಲ, ತಾಳೆ ನೋಡುವವನು.

‘ಪರಿಹಾರ’ ಎಂಬ ಪದವನ್ನೂ ನೋಡೋಣ. ಕಾನೂನಿನ ಭಾಷೆಯಲ್ಲಿ ಅದು ನಷ್ಟಕ್ಕೆ ಕೊಡುವ ದುಡ್ಡು. ನಮ್ಮ ಜನರ ಬಾಯಲ್ಲಿ ಕಷ್ಟದಿಂದ, ದೋಷದಿಂದ, ಕಾಯಿಲೆಯಿಂದ ಬಿಡುಗಡೆ. ‘ತೊಂದರೆಯಾದರೆ ಪರಿಹಾರವಿದೆ’ ಎಂದು ಓದಿ ಹೇಳಿದರೆ ಕಾಪುವಿನ ಅಜ್ಜಿಗೆ ‘ಗುಣ ಮಾಡುತ್ತಾರೆ’ ಎಂದೇ ಕೇಳಿಸುತ್ತದೆ. ನಿಜ ಏನೆಂದರೆ ಕಾನೂನಿನಲ್ಲಿ ಎರಡೂ ಬೇರೆ ಬೇರೆಯಾಗಿಯೇ ಇವೆ. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್‌ನ ಅರ್ಜಿಯ ವಿಚಾರಣೆಯಲ್ಲಿ ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ಅದೇ ತಿಂಗಳು ನಿಯಮಗಳು ಬಿಗಿಯಾದವು, 2019ರ ಮಾರ್ಚಿನಲ್ಲಿ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್‌ಗಳ ನಿಯಮಾವಳಿಯೇ ಬಂತು. ಹೊಸ ಮದ್ದಿನ ಟ್ರಯಲ್‌ನಲ್ಲಿ ಮೈಗೆ ತೊಂದರೆಯಾದರೆ ಪುಕ್ಕಟೆ ಚಿಕಿತ್ಸೆ ಕೊಡಬೇಕು. ಟ್ರಯಲ್‌ನಿಂದಲೇ ಆಯಿತೆಂದು ತೀರ್ಮಾನವಾದರೆ ಮೇಲೆ ದುಡ್ಡನ್ನೂ ಕೊಡಬೇಕು. ಸಾವಿನ ಲೆಕ್ಕಕ್ಕೆ 8 ಲಕ್ಷ ರೂಪಾಯಿಯನ್ನು ಮೂಲಮೊತ್ತ ಮಾಡಿಕೊಂಡು ವಯಸ್ಸು, ಕಾಯಿಲೆಯ ತೀವ್ರತೆಗೆ ತಕ್ಕಂತೆ ಗುಣಿಸುವ ಸೂತ್ರವಿದೆ. ಇಷ್ಟೆಲ್ಲ ಹಕ್ಕು ಒಂದು ಪದದೊಳಗೆ ಅಡಗಿ ಕೂತಿದೆ, ಬಿಡಿಸಿ ಹೇಳುವವರಿಲ್ಲ.

ಇನ್ನು ನಿರೂಪಕನ ಪ್ರಶ್ನೆ. ಪತ್ರಕ್ಕೆ ಎರಡು ಭಾಗ. ಮಾಹಿತಿಯ ಭಾಗದಲ್ಲಿ ಆಸ್ಪತ್ರೆ ‘ನೀವು’ ಎಂದು ಮಾತಾಡುತ್ತದೆ. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಧ್ವನಿ ‘ನಾನು’ ಆಗುತ್ತದೆ: ನಾನು ಓದಿದ್ದೇನೆ, ಅರ್ಥ ಮಾಡಿಕೊಂಡಿದ್ದೇನೆ, ಪ್ರಶ್ನೆ ಕೇಳಲು ನನಗೆ ಅವಕಾಶ ಸಿಕ್ಕಿತ್ತು. ಕತೆ ಬರೆಯುವವರಿಗೆ ಈ ಉಪಾಯ ಚೆನ್ನಾಗಿ ಗೊತ್ತು. ಪಾತ್ರದ ಬಾಯಲ್ಲಿ ನಮ್ಮ ಮಾತು ತುರುಕಿದರೆ ಆ ಪಾತ್ರ ಅಲ್ಲೇ ಸಾಯುತ್ತದೆ, ವಿಮರ್ಶಕರು ಬಂದು ನಮ್ಮ ಕಿವಿ ಹಿಂಡುತ್ತಾರೆ. ಇಲ್ಲಿ ಮಾತ್ರ ಆ ‘ನಾನು’ ಪತ್ರ ಓದಲು ಕೊಡುವ ಮೊದಲೇ ಎಲ್ಲವನ್ನೂ ಅರ್ಥ ಮಾಡಿಕೊಂಡು ಮುಗಿಸಿದ್ದಾನೆ.

ಬ್ಯಾರಿ ಮಾತಾಡುವ ಹಿರಿಯ ಹೆಂಗಸೊಬ್ಬರು ಇಂಥ ಒಂದು ಪತ್ರವನ್ನು ನಮ್ಮಿಂದ ಕೊನೆಯವರೆಗೆ ಓದಿಸಿ ಕೇಳಿದ್ದು ಒಂದೇ ಪ್ರಶ್ನೆ: “ಬೇಡ ಅಂದ್ರೆ ಡಾಕ್ಟ್ರಿಗೆ ಬೇಜಾರಾಗ್ತದಾ?” ಸೇರದಿದ್ದರೂ, ನಡುವೆ ಬಿಟ್ಟರೂ ಚಿಕಿತ್ಸೆಗೆ ಅಡ್ಡಿಯಿಲ್ಲ ಎಂದು ಪತ್ರದಲ್ಲಿತ್ತು. ಅವರು ಕೇಳಿದ್ದು ಅಡ್ಡಿಯ ಬಗ್ಗೆಯಲ್ಲ, ಬೇಜಾರಿನ ಬಗ್ಗೆ. ತುಳುವಿನಲ್ಲಿ ‘ಆವು’ ಎನ್ನುವುದು ಒಪ್ಪಿದೆ ಎನ್ನಲೂ ಹೌದು, ಮಾತು ಮುಗಿಸಲೂ ಹೌದು. ದಖ್ಖನಿಯ ‘ಹೌ’ ಕೂಡ ಹಾಗೆಯೇ. ಉರ್ದುವಿನಲ್ಲಿ ಒಪ್ಪಿಗೆಗೆ ‘ರಝಾಮಂದಿ’ ಎನ್ನುತ್ತೇವೆ; ಅದರೊಳಗೆ ಮನಸ್ಸಿನ ಸಂತೃಪ್ತಿಯ ಅರ್ಥವಿದೆ. ದೊಡ್ಡ ಡಾಕ್ಟರರ ಮುಂದೆ ತಲೆಯಾಡಿಸುವುದನ್ನು ರಝಾಮಂದಿ ಎನ್ನಲಾಗದು.

ನಮ್ಮ ಮನೆಗಳ ಕಡೆಗೂ ಒಂದು ಮಾತು ಹೇಳಲೇಬೇಕು. ನಿಕಾಹಿನಲ್ಲಿ ಇಜಾಬ್-ಕಬೂಲ್‌ಗೆ ಸಾಕ್ಷಿಗಳನ್ನು ಕೂರಿಸುವ ನಾವೇ, ಆಸ್ಪತ್ರೆಯಲ್ಲಿ ಹೆಂಗಸಿನ ಬದಲು ದುಬೈಯಲ್ಲಿರುವ ಗಂಡನಿಗೆ ಫೋನು ಹಚ್ಚಿ ಕಬೂಲ್ ಪಡೆಯುತ್ತೇವೆ. ಮನೆಯವರನ್ನು ಕೇಳುವುದು ತಪ್ಪಲ್ಲ, ಆದರೆ ಪ್ರಾಯಕ್ಕೆ ಬಂದ ಹೆಂಗಸಿನ ಒಪ್ಪಿಗೆ ಅವಳದ್ದೇ ಆಗಬೇಕು. ಓದಲು ಬಾರದವರಿಗೆ ಪಕ್ಷಪಾತವಿಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಹಾಜರಿರಬೇಕು. ಹೊಚ್ಚ ಹೊಸ ರಾಸಾಯನಿಕದ ಟ್ರಯಲ್ ಆಗಿದ್ದು, ಸೇರುವವರು ದುರ್ಬಲ ಸ್ಥಿತಿಯವರಾಗಿದ್ದರೆ, ಒಪ್ಪಿಗೆಯ ಮಾತುಕತೆಯನ್ನು ವೀಡಿಯೋ ಮಾಡಬೇಕು. ಪತ್ರದ ಒಂದು ಪ್ರತಿ ಸೇರಿದವರ ಕೈಗೆ ಸಿಗಬೇಕು. ರಮಝಾನಿನಲ್ಲಿ ಗುಳಿಗೆಯ ಹೊತ್ತು ಏನಾಗುತ್ತದೆ, ಕ್ಯಾಪ್ಸೂಲಿನ ಜೆಲಾಟಿನ್ ಯಾವುದರದ್ದು ಎಂದು ಕೇಳಲು ನಾಚಬೇಕಿಲ್ಲ. ಕೇಳದೆ ಸೇರಿ, ಆಮೇಲೆ ಯಾರಿಗೂ ಹೇಳದೆ ಗುಳಿಗೆ ಬಿಡುವುದು ಇಬ್ಬರಿಗೂ ಕೇಡು.

ಇದುವರೆಗಿನ ಮಾತು ಕರೆ ಬಂದವರ ಕುರಿತಾಯಿತು. ಇರುವ ಮದ್ದು ನಾಟದೆ, ಹೊಸದೇನಾದರೂ ಇದೆಯೇ ಎಂದು ತಾವೇ ಹುಡುಕುವವರ ಗತಿ? ಅವರಿಗಾಗಿ ಒಂದು ಬಾಗಿಲಿದೆ. ಭಾರತದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿ, ಸಿಟಿಆರ್‌ಐ, 2007ರ ಜುಲೈಯಲ್ಲಿ ದಿಲ್ಲಿಯಲ್ಲಿ ಆರಂಭವಾಯಿತು. ಔಷಧ ನಿಯಂತ್ರಕರು 2009ರ ಜೂನಿನಿಂದ ದಾಖಲಾತಿಯನ್ನು ಕಡ್ಡಾಯ ಮಾಡಿದರು. 2018ರ ಎಪ್ರಿಲ್‌ನಿಂದ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ದಾಖಲಾಗಬೇಕು. ಕಾಯಿಲೆಯ ಹೆಸರು ಹಾಕಿ ಯಾರು ಬೇಕಾದರೂ ದುಡ್ಡಿಲ್ಲದೆ ಹುಡುಕಬಹುದು. ಯಾವ ಊರಿನ ಯಾವ ಆಸ್ಪತ್ರೆ, ಯಾವ ಡಾಕ್ಟರರು, ಫೋನು ಎಷ್ಟು, ಯಾವ ವಯಸ್ಸಿನವರು ಸೇರಬಹುದು, ಯಾರು ಸೇರಬಾರದು, ಎಥಿಕ್ಸ್ ಕಮಿಟಿ ಒಪ್ಪಿದೆಯೇ, ಈಗಲೂ ಸೇರಿಸಿಕೊಳ್ಳುತ್ತಿದ್ದಾರೆಯೇ ಎಲ್ಲವೂ ಅದರಲ್ಲಿದೆ. ಮಣಿಪಾಲದ, ಕುತ್ಪಾಡಿಯ ದಾಖಲೆಗಳೂ ಸಿಗುತ್ತವೆ. ಟ್ರಯಲ್ ಎಂದರೆ ವಿದೇಶಿ ಕಂಪೆನಿಯ ಸಂಚು ಎಂದು ತಿಳಿದವರು ಅದನ್ನೊಮ್ಮೆ ನೋಡಬೇಕು. ಎಷ್ಟೋ ಕಡೆ ಅದು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನ ಪ್ರಬಂಧ. ಅರಿವಳಿಕೆಯ ಪ್ರಮಾಣ, ಮೊಣಕಾಲು ನೋವಿನ ವ್ಯಾಯಾಮ, ಒಂದು ತೈಲದ ಗುಣ, ಅಷ್ಟೇ.

ಆದರೆ ಈ ಬಾಗಿಲ ಮೇಲಿನ ಬರಹವೆಲ್ಲ ಇಂಗ್ಲಿಷ್. ಪ್ರತಿ ಟ್ರಯಲ್‌ಗೆ ಎರಡು ಶೀರ್ಷಿಕೆ ಕೊಡಬೇಕು, ಒಂದು ವೈಜ್ಞಾನಿಕ, ಇನ್ನೊಂದು ಜನಸಾಮಾನ್ಯರಿಗಾಗಿ. ಜನಸಾಮಾನ್ಯರ ಶೀರ್ಷಿಕೆಯನ್ನು ಓದಿದರೆ ಆ ಜನಸಾಮಾನ್ಯ ಎಂ.ಡಿ. ಪಾಸಾದವನೇ ಇರಬೇಕು ಎನಿಸುತ್ತದೆ. ಹಾಗಾಗಿ ಕಾರ್ಕಳದ ರೋಗಿಗೆ ಉಳಿಯುವ ದಾರಿ, ಪಟ್ಟಿಯಿಂದ ಹಾಳೆಯನ್ನು ಯಾರಿಂದಲಾದರೂ ಅಚ್ಚು ಹಾಕಿಸಿ ತನ್ನ ಡಾಕ್ಟರರ ಮುಂದಿಟ್ಟು ಕೇಳುವುದು. ಕೇಳಿದ ಮಾತ್ರಕ್ಕೆ ಸೇರಿದ ಹಾಗಲ್ಲ.

ಅರ್ಥವಾಗದ ಒಪ್ಪಿಗೆಯ ಬೆಲೆಯನ್ನು ಕೊರೋನಾ ಕಾಲದಲ್ಲಿ ದೇಶವೇ ನೋಡಿತು. 2020ರಲ್ಲಿ ಕೊವ್ಯಾಕ್ಸಿನ್ ಲಸಿಕೆಯ ಮೊದಲ ಹಂತದ ಟ್ರಯಲ್ ನಡೆದ ಕಡೆಗಳಲ್ಲಿ ನಮ್ಮ ಬೆಳಗಾವಿಯ ಜೀವನ್ ರೇಖಾ ಆಸ್ಪತ್ರೆಯೂ ಒಂದು. ಒಟ್ಟು 375 ಆರೋಗ್ಯವಂತರು ತೋಳು ಕೊಟ್ಟರು. ಅವರ ಋಣ ನಮ್ಮೆಲ್ಲರ ಮೇಲಿದೆ. ಅದೇ ಲಸಿಕೆಯ ಮೂರನೆಯ ಹಂತದಲ್ಲಿ ಭೋಪಾಲದ ಅನಿಲ ದುರಂತದ ಬಸ್ತಿಗಳ ಜನ, ತಮಗೆ 750 ರೂಪಾಯಿ ಕೊಟ್ಟು ಚುಚ್ಚಿದ್ದು ಟ್ರಯಲ್ ಎಂದೇ ಗೊತ್ತಿರಲಿಲ್ಲ ಎಂದು 2021ರ ಜನವರಿಯಲ್ಲಿ ದೂರಿದರು. ಆಸ್ಪತ್ರೆ ಅದನ್ನು ನಿರಾಕರಿಸಿತು. ಸಹಿಗಳಿದ್ದವು, ತಿಳಿವಳಿಕೆ ಇತ್ತೇ ಎಂಬುದು ಜಗಳ. ಇಂಥ ಸುದ್ದಿಯೊಂದು ನಮ್ಮ ಮೊಹಲ್ಲಾದ ವಾಟ್ಸ್‌ಆ್ಯಪಿಗೆ ಬಂದರೆ ಪೋಲಿಯೋ ಹನಿಯ ಮೇಲೂ ಅನುಮಾನ ಹುಟ್ಟುತ್ತದೆ.

ಆ ಅನುಮಾನದ ನಷ್ಟವನ್ನು ಅನುಭವಿಸುವವರು ನಾವೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2019ರಲ್ಲಿ ಸಾಗರದ ಕಡೆ ಉಲ್ಬಣಿಸಿದಾಗ ರೋಗಿಗಳು ಘಟ್ಟ ಇಳಿದು ಮಣಿಪಾಲಕ್ಕೆ ಬಂದರು. ಹಳೆಯ ಲಸಿಕೆ ಸಾಲದೆಂದು ನಿಂತುಹೋಗಿದೆ, ಹೊಸದರ ಕೆಲಸ ನಡೆದಿದೆ. ಯಾವ ಲಸಿಕೆಯೂ ಕಾಯಿಲೆಯಿಲ್ಲದ ಕೆಲವರು ಮೊದಲು ತೋಳು ಕೊಡದೆ ಊರಿಗೆ ಬರುವುದಿಲ್ಲ. ಆ ದಿನ ಘಟ್ಟದ ಕೂಲಿಯ ಕೈಗೆ ‘ಯಾದೃಚ್ಛಿಕ’ವನ್ನೇ ಕೊಡುತ್ತೇವೆಯೇ?

ಪತ್ರವನ್ನು ತಿದ್ದಿಸುವ ಅಧಿಕಾರ ಎಥಿಕ್ಸ್ ಕಮಿಟಿಗಿದೆ. ನಿಯಮದ ಪ್ರಕಾರ ಅದರಲ್ಲಿ ಕನಿಷ್ಠ 7 ಮಂದಿ ಇರಬೇಕು, ಅರ್ಧದಷ್ಟು ಜನ ಆ ಸಂಸ್ಥೆಯ ಹೊರಗಿನವರಾಗಿರಬೇಕು. ಕಾನೂನು ಬಲ್ಲವರೊಬ್ಬರು, ಕನಿಷ್ಠ ಒಬ್ಬ ಹೆಂಗಸು, ಸಮಾಜವಿಜ್ಞಾನಿಯೋ ಧರ್ಮಶಾಸ್ತ್ರ ಬಲ್ಲವರೋ ಒಬ್ಬರು, ಜತೆಗೆ ವೈದ್ಯಕೀಯದ ಗಂಧವಿಲ್ಲದ ಸಾಮಾನ್ಯ ವ್ಯಕ್ತಿಯೊಬ್ಬರು. ಈ ಕೊನೆಯ ಕುರ್ಚಿಯಲ್ಲಿ ನಮ್ಮ ಜಿಲ್ಲೆಯ ಕನ್ನಡ ಶಾಲೆಯ ನಿವೃತ್ತ ಮೇಷ್ಟ್ರನ್ನೋ ತುಳು, ಬ್ಯಾರಿ ಬಲ್ಲ ಅಂಗನವಾಡಿ ಕಾರ್ಯಕರ್ತೆಯನ್ನೋ ಕೂರಿಸಬಹುದು. ಅವರ ಮುಂದೆ ಪತ್ರವನ್ನು ಒಮ್ಮೆ ಗಟ್ಟಿಯಾಗಿ ಓದಿಸಬೇಕು. ಅವರು ಎಲ್ಲಿ ತಡೆದು “ಅಂದರೆ?” ಎಂದು ಕೇಳುತ್ತಾರೋ ಆ ಜಾಗಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಪತ್ರವನ್ನು ಕಂಪೆನಿಗೆ ವಾಪಸು ಕಳಿಸಬೇಕು.